ಎಳೆದರೆ ಬರುವ ಬಟ್ಟೆಗೆ ಎಳೆಯದ ಕೈ

ಕೊಬ್ಬರಿ ಹರಾಜಿನ ದಿನ ತಿಪಟೂರಿನ ಎಪಿಎಂಸಿ ಅಂಗಳಕ್ಕೆ ಹೋದವರು ಒಂದು ಗಳಿಗೆ ಕ್ವಿಂಟಲ್ ದರ ಮರೆತು ಅಲ್ಲಿನ ಜನರ ಮೈಮೇಲಿನ ಬಟ್ಟೆ ನೋಡಬೇಕು. ಬಿಳಿ ಪಂಚೆ, ಬಿಳಿ ಅಂಗಿಯ ಹಿರಿಯರು ಈಗಲೂ ಇದ್ದಾರೆ. ಆದರೆ ಮೂಟೆ ಹೊರುವವರು, ಟೆಂಪೊ ಓಡಿಸುವವರು, ಅಪ್ಪನ ಜೊತೆ ಬಂದ ಕಾಲೇಜು ಹುಡುಗರು ತೊಟ್ಟಿರುವುದು ಟೀ ಶರ್ಟು, ಟ್ರ್ಯಾಕ್ ಪ್ಯಾಂಟು. ತೋಟದಲ್ಲಿ ಕಾಯಿ ಸುಲಿಯುವವರ ಮೈಮೇಲೆ ಗೊಬ್ಬರದ ಕಂಪನಿಯ ಹೆಸರು ಹೊತ್ತ ಟೀ ಶರ್ಟು. ಬಸ್‌ಸ್ಟ್ಯಾಂಡಿಗೆ ಬಂದರೆ ಹೆಣ್ಣುಮಕ್ಕಳ ಟಾಪಿನ ಕೆಳಗೆ ಲೆಗ್ಗಿಂಗ್ಸು. ಶನಿವಾರ ಶಾಲೆಗೆ ಹೊರಟ ಮಕ್ಕಳ ಮೈಮೇಲೆ ಕಾಲರ್ ಇರುವ ಬಣ್ಣಬಣ್ಣದ ಟೀ ಶರ್ಟು. ಇವೆಲ್ಲ ಮಗ್ಗದಲ್ಲಿ ನೆಯ್ದ ಬಟ್ಟೆಗಳಲ್ಲ, ಹೆಣೆದ ಬಟ್ಟೆಗಳು. ನಮ್ಮ ಕಡೆ ಇದಕ್ಕೆ ಬನಿಯನ್ ಬಟ್ಟೆ ಅಂತಲೇ ಹೆಸರು.

ಇಂಥ ಬಟ್ಟೆ ಉದ್ದವಾಗಿದೆ, ತುದಿ ಕತ್ತರಿಸಿ ಮಡಚಿ ಹೊಲಿದುಕೊಡಿ ಎಂದು ಊರಿನ ಟೈಲರ್ ಅಂಗಡಿಗೆ ಹೋಗಿ ನೋಡಿ. ಮೂವತ್ತು ವರ್ಷ ಮಿಷಿನ್ ತುಳಿದ ಕೈಯೂ ಹಿಂದೆ ಸರಿಯುತ್ತದೆ. ‘ಇದು ಬನಿಯನ್ ಬಟ್ಟೆ ಕಣಕ್ಕ, ನಮ್ ಮಿಷಿನ್ನಲ್ಲಿ ಹೊಲಿಗೆ ಕೂರಲ್ಲ. ಹಂಗೇ ಮಡಚ್ಕೊಂಡು ಹಾಕ್ಕೊಂಡ್ಬಿಡಿ’ ಎಂಬ ಉತ್ತರ ತುರುವೇಕೆರೆಯಲ್ಲೂ ಸಿಗುತ್ತದೆ, ಚಿಕ್ಕನಾಯಕನಹಳ್ಳಿಯಲ್ಲೂ ಸಿಗುತ್ತದೆ, ಮೂರೂ ತಾಲ್ಲೂಕಿನ ದಾರಿಗಳು ಕೂಡುವ ಕಿಬ್ಬನಹಳ್ಳಿ ಕ್ರಾಸ್‌ನ ಸಾಲಂಗಡಿಗಳಲ್ಲೂ ಸಿಗುತ್ತದೆ. ಇದೇ ಕೈಗಳು ರೇಷ್ಮೆ ಬ್ಲೌಸಿನ ಕಪ್ಪು, ಪೈಪಿಂಗು, ಬೆನ್ನಿನ ಡೋರಿಯನ್ನು ಅಳತೆ ಒಂದು ನೂಲೂ ತಪ್ಪದಂತೆ ಕೂರಿಸುತ್ತವೆ. ಅಂಥವರು ಒಂದು ಲೆಗ್ಗಿಂಗ್ಸಿನ ತುದಿಗೆ ಹೆದರುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಹೆದರುವಂಥದ್ದು ಅಲ್ಲಿ ಏನೂ ಇಲ್ಲ. ಬಟ್ಟೆ ಬೇರೆ ಜಾತಿಯದು, ಅದರ ಗುಣ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಚಿಕ್ಕನಾಯಕನಹಳ್ಳಿ, ಹುಳಿಯಾರು ಕಡೆಯವರಿಗೆ ಈ ಗುಣ ಹೇಳುವುದು ಸುಲಭ, ಕಂಬಳಿ ಕಂಡವರು ಅವರು. ಮಗ್ಗದಲ್ಲಿ ಹಾಸಿನ ಎಳೆಗಳು ಉದ್ದಕ್ಕೆ ಬಿಗಿಯಾಗಿ ನಿಂತಿರುತ್ತವೆ, ಹೊಕ್ಕಿನ ಎಳೆ ಅಡ್ಡಕ್ಕೆ ಒಂದನ್ನು ಬಿಟ್ಟು ಒಂದನ್ನು ದಾಟುತ್ತ ಹೋಗುತ್ತದೆ. ಎಳೆಗಳು ನೆಟ್ಟಗಿರುವುದರಿಂದ ಕಂಬಳಿಯಾಗಲಿ ಸೀರೆಯಾಗಲಿ ಎಳೆದರೆ ಬರುವುದಿಲ್ಲ. ಬನಿಯನ್ ಬಟ್ಟೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ನೂಲು ಕುಣಿಕೆಯಾಗಿ ಬಾಗಿ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎದ್ದು, ಅದರೊಳಗಿಂದ ಮತ್ತೊಂದು ಎದ್ದು ಬಟ್ಟೆಯಾಗಿರುತ್ತದೆ. ಎಳೆದಾಗ ನೂಲು ಉದ್ದವಾಗುವುದಿಲ್ಲ, ಕುಣಿಕೆ ಚಪ್ಪಟೆಯಾಗುತ್ತದೆ. ಬಿಟ್ಟಾಗ ಮತ್ತೆ ದುಂಡಗಾಗುತ್ತದೆ. ಲೈಕ್ರಾ ಸೇರಿದ್ದರೆ ಆ ನೂಲು ತಾನೂ ಹಿಗ್ಗಿ ಕುಗ್ಗುತ್ತದೆ.

ಈ ಕುಣಿಕೆಯನ್ನು ಯಂತ್ರಕ್ಕೆ ಮೊದಲು ಕಲಿಸಿದವನು ಇಂಗ್ಲೆಂಡಿನ ವಿಲಿಯಂ ಲೀ, 1589ರಲ್ಲಿ. ಕಾಲುಚೀಲ ಹೆಣೆಯುವ ಅವನ ಚೌಕಟ್ಟಿಗೆ ರಾಣಿ ಎಲಿಜಬೆತ್ ಸನ್ನದು ಕೊಡಲಿಲ್ಲ. ಕೈಯಲ್ಲಿ ಹೆಣೆದು ಬದುಕುವ ಬಡವರ ಅನ್ನ ಹೋಗುತ್ತದೆ ಎಂಬುದು ಅವಳ ಆತಂಕವಾಗಿತ್ತು ಎನ್ನುತ್ತಾರೆ. ಲೈಕ್ರಾ ಬಂದದ್ದು ಬಹಳ ಈಚೆಗೆ, 1958ರಲ್ಲಿ, ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ ಕೈಯಲ್ಲಿ. ನಮ್ಮ ಊರುಗಳಿಗೆ ಈ ಬಟ್ಟೆ ತಿರುಪ್ಪೂರಿನಿಂದ ಬರುತ್ತದೆ, ಸಿದ್ಧ ಉಡುಪಾಗಿಯೇ ಬರುತ್ತದೆ. ಹೊಲಿಯದೆ ತೊಡುವ ಬಟ್ಟೆಯಾಗಿ ಬಂದದ್ದರಿಂದ ಅದನ್ನು ಹೊಲಿಯುವ ವಿದ್ಯೆ ಊರಿನ ಟೈಲರನ ಹತ್ತಿರ ಬರಲೇ ಇಲ್ಲ.

ಇನ್ನು ತುದಿಯ ಮಾತು. ಲೆಗ್ಗಿಂಗ್ಸಿನ ತುದಿ ಏಕೆ ಕಿತ್ತುಹೋಗುತ್ತದೆ ಎನ್ನುವುದಕ್ಕೆ ಲೆಕ್ಕವಿದೆ. ಅದರ ಕಾಲಿನ ಬಾಯಿ ಸುಮಾರು 20 ಸೆಂಟಿಮೀಟರ್ ಸುತ್ತಳತೆ ಇರುತ್ತದೆ. ಪಾದ ಒಳಗೆ ಹೋಗಬೇಕಾದರೆ ಹಿಮ್ಮಡಿಯಿಂದ ಪಾದದ ಮೇಲಿನ ಉಬ್ಬಿನವರೆಗೆ ಸುತ್ತಿ ಅಳೆದಷ್ಟು ಅಗಲ ಅದು ತೆರೆಯಬೇಕು. ಬೆಳೆದ ಹೆಂಗಸಿನ ಪಾದಕ್ಕೆ ಈ ಅಳತೆ 30ರ ಆಸುಪಾಸು. ಎಂದರೆ ತುದಿಯ ಹೊಲಿಗೆ ತನ್ನ ಅರ್ಧದಷ್ಟು ಹಿಗ್ಗಬೇಕು. ಮಾಮೂಲಿ ನೇರ ಹೊಲಿಗೆ, ಮೇಲಿನ ದಾರ ಮತ್ತು ಬಾಬಿನ್ ದಾರ ಒಂದನ್ನೊಂದು ತಡೆದು ನಿಲ್ಲುವಂಥದ್ದು, ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲು ಹಿಗ್ಗೀತು. ಬಟ್ಟೆ ಇನ್ನೂ ಬರುತ್ತಿರುತ್ತದೆ, ದಾರ ಮುಗಿದಿರುತ್ತದೆ. ‘ಟಪ್’ ಎನ್ನುತ್ತದೆ. ಅದೇ ಹೊಲಿಗೆಯನ್ನು ದೊಗಳೆ ಟೀ ಶರ್ಟಿನ ಕೆಳಗೆ ಹಾಕಿದರೆ ವರ್ಷಗಟ್ಟಲೆ ಬಾಳುತ್ತದೆ, ಏಕೆಂದರೆ ಅಲ್ಲಿ ಯಾರೂ ಅಷ್ಟು ಎಳೆಯುವುದಿಲ್ಲ. ಆದ್ದರಿಂದ ಹೊಲಿಯುವ ಮೊದಲು ಕೇಳಬೇಕಾದದ್ದು, ಈ ತುದಿ ಮೈಮೇಲೆ ಎಷ್ಟು ತೆರೆಯಬೇಕು ಎಂಬ ಒಂದೇ ಪ್ರಶ್ನೆ. ಉತ್ತರ ಬೇಕಿದ್ದರೆ ಬಟ್ಟೆಯ ಮೇಲೆ 10 ಸೆಂಟಿಮೀಟರಿಗೆ ಎರಡು ಗುರುತು ಹಾಕಿ, ಬಟ್ಟೆಗೆ ನೋವಾಗದಷ್ಟು ಎಳೆದು, ಟೇಪಿನಲ್ಲಿ ಓದಿಕೊಂಡರೆ ಆಯಿತು.

ಹಿಗ್ಗುವ ಗುಣ ಹೊಲಿಗೆಗೆ ಬರುವುದು ಅದರೊಳಗೆ ಕೂತ ದಾರದಿಂದ. ಹೊಲಿಗೆ ದಾರದ ಕಂಪನಿಗಳು ಗಾರ್ಮೆಂಟ್ಸ್‌ನವರಿಗೆ ಕೊಡುವ ಪಟ್ಟಿಯ ಪ್ರಕಾರ ಒಂದು ಮೀಟರ್ ನೇರ ಹೊಲಿಗೆಗೆ ಎರಡೂವರೆ ಮೀಟರ್ ದಾರ ಸಾಕು. ಜಿಗ್‌ಜಾಗಿಗೆ ಸುಮಾರು 7 ಮೀಟರ್ ಬೇಕು. ಅಂಗಡಿಯಲ್ಲಿ ಕೊಂಡ ಟೀ ಶರ್ಟಿನ ತುದಿಯಲ್ಲಿ ಮೇಲೆ ಎರಡು ಸಾಲು ನೇರ ಹೊಲಿಗೆ, ಒಳಗೆ ಬಲೆಯಂತೆ ಹೆಣೆದ ದಾರ ಕಾಣುತ್ತದಲ್ಲ, ಗಾರ್ಮೆಂಟ್ಸ್‌ನವರು ಫ್ಲ್ಯಾಟ್‌ಲಾಕ್ ಎನ್ನುವ ಆ ಹೊಲಿಗೆಗೆ ಒಂದು ಮೀಟರಿಗೆ ಸುಮಾರು 18 ಮೀಟರ್ ಹೋಗುತ್ತದೆ. ಅಷ್ಟು ದಾರ ಕುಣಿಕೆಯಾಗಿ ಬಟ್ಟೆಯ ಅಡಿಯಲ್ಲಿ ಮಲಗಿರುವುದರಿಂದಲೇ ಬಟ್ಟೆ ಹಿಗ್ಗಿದಾಗ ಅದೂ ಜೊತೆಗೆ ಹಿಗ್ಗುತ್ತದೆ. ದಾರ ಉಳಿಸಲು ಹೊಲಿಗೆ ಉದ್ದ ಮಾಡುವ ಅಭ್ಯಾಸ ಬನಿಯನ್ ಬಟ್ಟೆಯಲ್ಲಿ ನಷ್ಟ ತರುವುದು ಇದಕ್ಕೇ. ನೇರ ಹೊಲಿಗೆಯೇ ಗತಿ ಎಂದಾದರೆ ಇಂಚಿಗೆ 10ರಿಂದ 12 ಹೊಲಿಗೆ ಇರಲಿ, ದಾರ ಪಾಲಿಯೆಸ್ಟರ್ ಆಗಿರಲಿ. ಹತ್ತಿ ದಾರ ಇಲ್ಲಿ ನಿಲ್ಲುವುದಿಲ್ಲ.

ಸೂಜಿಯ ವಿಷಯವನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ‘ಹೊಲಿಗೆ ಕೂರಲ್ಲ’ ಎಂಬ ದೂರಿನ ಬೇರು ಬಹುಪಾಲು ಅಲ್ಲೇ ಇದೆ. ನಮ್ಮ ಟೈಲರುಗಳ ಮಿಷಿನ್ನಲ್ಲಿ ಸಾಮಾನ್ಯವಾಗಿ ಇರುವುದು 14 ಅಥವಾ 16ನೇ ನಂಬರಿನ ಚೂಪು ಸೂಜಿ. ನೆಯ್ದ ಬಟ್ಟೆಗೆ ಅದು ಸರಿ, ಎಳೆಗಳ ನಡುವೆ ಚುಚ್ಚಿ ನೆಟ್ಟಗೆ ಇಳಿಯುತ್ತದೆ. ಹೆಣೆದ ಬಟ್ಟೆಯಲ್ಲಿ ಅದೇ ಮೊನೆ ಕುಣಿಕೆಯ ನೂಲನ್ನೇ ಸೀಳುತ್ತದೆ. ಆಗ ಏನೂ ಕಾಣುವುದಿಲ್ಲ. ಒಂದು ಸಲ ಒಗೆದ ಮೇಲೆ ಹೊಲಿಗೆಯ ಪಕ್ಕದಲ್ಲಿ ಸಾಸಿವೆಯಷ್ಟು ತೂತುಗಳು ಸಾಲಾಗಿ ಏಳುತ್ತವೆ, ತುಂಡಾದ ಕುಣಿಕೆ ಕಳಚುತ್ತ ಹೋಗುತ್ತದೆ. ಗಿರಾಕಿ ಬಟ್ಟೆ ಕಳಪೆ ಎಂದುಕೊಳ್ಳುತ್ತಾರೆ. ಬೇಕಾದದ್ದು ಬಾಲ್ ಪಾಯಿಂಟ್ ಸೂಜಿ. ಅದರ ತುದಿ ತುಸು ದುಂಡಗಿರುತ್ತದೆ, ನೂಲನ್ನು ಸೀಳದೆ ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಳ್ಳುತ್ತದೆ. ಟೀ ಶರ್ಟಿಗೆ, ಲೆಗ್ಗಿಂಗ್ಸಿಗೆ 11ನೇ ನಂಬರು ಸಾಕು, ಪೊಟ್ಟಣದ ಮೇಲೆ 75/11 ಎಂದಿರುತ್ತದೆ. ದಪ್ಪ ಟ್ರ್ಯಾಕ್ ಪ್ಯಾಂಟಿಗೆ 14. ಪವರ್ ಮಿಷಿನ್ನಿನ ಸೂಜಿಯಾದರೆ ಪೊಟ್ಟಣದ ಮೇಲೆ ಎಸ್‌ಇಎಸ್ ಎಂಬ ಅಕ್ಷರ ಹುಡುಕಬೇಕು, ಹಗುರ ಬಾಲ್ ಪಾಯಿಂಟಿಗೆ ಅದೇ ಗುರುತು.

ಹೊಲಿಗೆ ಹಾರುವುದಕ್ಕೂ ಸೂಜಿಗೂ ನಂಟಿದೆ. ಸೂಜಿ ಕೆಳಗಿಳಿದು ಕೂದಲೆಳೆಯಷ್ಟು ಮೇಲೆದ್ದಾಗ ಅದರ ಹಿಂದೆ ದಾರ ಪುಟ್ಟ ಕುಣಿಕೆಯಾಗುತ್ತದೆ, ಶಟಲ್ಲಿನ ಕೊಕ್ಕೆ ಅದನ್ನು ಹಿಡಿಯುತ್ತದೆ. ಮೆತ್ತನೆ ಬಟ್ಟೆ ಸೂಜಿಗೆ ಅಂಟಿಕೊಂಡು ಅದರ ಜೊತೆಗೇ ಮೇಲೆದ್ದರೆ ಕುಣಿಕೆಯೇ ಆಗುವುದಿಲ್ಲ, ಕೊಕ್ಕೆ ಬರಿದೇ ತಿರುಗುತ್ತದೆ. ಹೊಸ ಸೂಜಿ ಹಾಕಿ, ಬಟ್ಟೆಯ ಅಡಿಗೆ ಒಂದು ಪಟ್ಟಿ ತೆಳು ಬಟರ್ ಪೇಪರ್ ಕೊಟ್ಟರೆ ಬಟ್ಟೆ ನೆಲ ಕಚ್ಚಿ ನಿಲ್ಲುತ್ತದೆ. ಹೊಲಿದ ಮೇಲೆ ಕಾಗದವನ್ನು ಹೊಲಿಗೆಗುಂಟ ಹರಿದು ತೆಗೆಯಬಹುದು. ದಿನಪತ್ರಿಕೆಯ ಹಾಳೆ ಬೇಡ, ಬಿಳಿ ಬಟ್ಟೆಗೆ ಮಸಿ ಹತ್ತುತ್ತದೆ.

ಇಷ್ಟಾದರೂ ಅಲೆ ಬರುತ್ತದೆ. ಹೊಸಬರ ಎದೆಗುಂದಿಸುವುದು ಅದೇ. ಹೊಲಿದು ತೆಗೆದ ತುದಿ ತೆಂಗಿನ ತೋಟದ ಬದುವಿನಂತೆ ಏರಿಳಿದು ನಿಂತಿರುತ್ತದೆ. ಇದಕ್ಕೆ ಕಾರಣ ಎರಡು. ಮಿಷಿನ್ನಿನ ಪಾದ ಮೇಲಿನ ಪದರವನ್ನು ಅದುಮಿ ಹಿಡಿದಿರುತ್ತದೆ, ಅಡಿಯ ಹಲ್ಲು ಕೆಳಗಿನ ಪದರವನ್ನು ಮುಂದೆ ದೂಡುತ್ತಿರುತ್ತದೆ. ಇವೆರಡರ ನಡುವೆ ಬಟ್ಟೆ ಹಿಗ್ಗುತ್ತದೆ, ಹಿಗ್ಗಿದ ಸ್ಥಿತಿಯಲ್ಲೇ ಹೊಲಿಗೆ ಅದನ್ನು ಕಟ್ಟಿಹಾಕುತ್ತದೆ. ಎರಡನೆಯದು ಕೈ. ಬ್ಲೌಸ್ ಹೊಲಿದು ಹೊಲಿದು ಬಟ್ಟೆಯನ್ನು ಹಿಂದೆ ಮುಂದೆ ಬಿಗಿ ಹಿಡಿಯುವುದು ಅಭ್ಯಾಸವಾಗಿರುತ್ತದೆ. ಇಲ್ಲಿ ಆ ಅಭ್ಯಾಸ ಬಿಡಬೇಕು. ಪಾದದ ಒತ್ತಡ ಕಡಿಮೆ ಮಾಡಿ, ಬಟ್ಟೆಯ ಭಾರ ಮೇಜಿನಿಂದ ಕೆಳಗೆ ಜೋಲದಂತೆ ಮಡಿಲಲ್ಲೋ ಸ್ಟೂಲಿನ ಮೇಲೋ ಇಟ್ಟುಕೊಂಡು, ಬೆರಳಿನಿಂದ ದಾರಿ ತೋರಿಸಿದರೆ ಸಾಕು. ನೇರ ಹೊಲಿಗೆಯಲ್ಲಿ ಮಾತ್ರ ಒಂದಿಷ್ಟೇ ಇಷ್ಟು ಹದವಾಗಿ ಎಳೆದು ಹಿಡಿಯಬೇಕಾಗುತ್ತದೆ, ಇಲ್ಲದಿದ್ದರೆ ಹೊಲಿಗೆಗೆ ಹಿಗ್ಗಲು ದಾರ ಸಿಗುವುದಿಲ್ಲ. ಜಿಗ್‌ಜಾಗಿನಲ್ಲಿ ಅದೂ ಬೇಡ. ಬಂದ ಅಲೆಯನ್ನು ಉಗಿ ಇಸ್ತ್ರಿಯಿಂದ ಬಹುಮಟ್ಟಿಗೆ ಕೂರಿಸಬಹುದು: ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ, ಎತ್ತಿ ಇಡುತ್ತ ಇಡುತ್ತ ಹೋಗಬೇಕು. ಉಜ್ಜಿದರೆ ಮತ್ತೆ ಹಿಗ್ಗುತ್ತದೆ.

ತುರುವೇಕೆರೆ ಕಡೆಯ ಒಂದು ಹಳ್ಳಿಯಲ್ಲಿ, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿದು ಊರಿಗೆ ಮರಳಿದ ಹೆಣ್ಣುಮಗಳೊಬ್ಬಳು ಟೀ ಶರ್ಟಿನ ತುದಿ ಹೊಲಿಯುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಕತ್ತರಿಸಿದ ಕೂಡಲೇ ಬಟ್ಟೆಯ ಅಂಚು ಮೇಲ್ಮೈ ಕಡೆಗೆ ಸುರುಳಿ ಸುತ್ತಿಕೊಂಡಿತು. ಒಂಟಿ ಹೆಣಿಗೆಯ ಬಟ್ಟೆ ಅಡ್ಡಕ್ಕೆ ಕತ್ತರಿಸಿದರೆ ಯಾವಾಗಲೂ ಹಾಗೇ, ಉದ್ದಕ್ಕೆ ಕತ್ತರಿಸಿದರೆ ಹಿಂಬದಿಗೆ ಸುತ್ತುತ್ತದೆ. ಅವಳು ಅನ್ನದ ಗಂಜಿಯನ್ನು ನೀರು ಮಾಡಿ ಬೆರಳಲ್ಲಿ ಅಂಚಿಗೆ ಸವರಿದಳು, ಬಿಸಿ ಇಸ್ತ್ರಿಯನ್ನು ಮೇಲಿಟ್ಟು ತೆಗೆದಳು. ಸುರುಳಿ ಕಾಗದದಂತೆ ನೆಟ್ಟಗಾಯಿತು. ಕುರುಬರು ಕಂಬಳಿಯ ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ಬಿಗಿ ಮಾಡುವುದನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ, ಒಂದು ಸಲ ಒಗೆದರೆ ಗಂಜಿ ಹೋಗುತ್ತದೆ. ಆಮೇಲೆ ಎರಡು ಬೆರಳಗಲ ಒಳಗೆ ಮಡಚಿ, ಮಡಿಕೆಯನ್ನು ಪಿನ್ನಿನ ಬದಲು ಕೈಹೊಲಿಗೆಯ ದೊಡ್ಡ ಟಾಕಿನಲ್ಲಿ ನಿಲ್ಲಿಸಿದಳು. ಎರಡು ಸಲ ಮಡಚಲಿಲ್ಲ. ‘ಬನಿಯನ್ ಬಟ್ಟೆ ಅಂಚು ಎಳೆ ಬಿಡಲ್ಲಣ್ಣ, ಒಂದೇ ಮಡಿಕೆ ಸಾಕು. ಎರಡು ಮಡಚಿದ್ರೆ ಗೆಣ್ಣು ಕೂತಂಗೆ ಆಯ್ತದೆ’ ಎಂದಳು. ಬಟ್ಟೆಯ ಮೇಲ್ಮೈಯನ್ನು ಮೇಲಿಟ್ಟುಕೊಂಡು, ಪಕ್ಕದ ಹೊಲಿಗೆಯ ಹತ್ತಿರದಿಂದ ಶುರುಮಾಡಿದಳು. ಪಕ್ಕದ ಹೊಲಿಗೆ ಬಂದಾಗ, ಅಲ್ಲಿ ಪದರಗಳು ಹೆಚ್ಚಿದ್ದರಿಂದ, ಪಾದ ಹತ್ತಲು ತಿಣುಕಿತು. ಅವಳು ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಿ, ಪಾದ ಎತ್ತಿ, ಅದರ ಹಿಂಭಾಗಕ್ಕೆ ಮಡಚಿದ ಒಂದು ಚೂರು ಬಟ್ಟೆ ಕೊಟ್ಟು ಮಟ್ಟ ಮಾಡಿ ದಾಟಿಸಿದಳು. ಕೊನೆಗೆ ಶುರುವಿನ ಹೊಲಿಗೆಯ ಮೇಲೆ ಒಂದು ಸೆಂಟಿಮೀಟರ್ ಏರಿಸಿ ಮುಗಿಸಿದಳು. ಎಡಗೈ ಒಮ್ಮೆಯೂ ಬಟ್ಟೆಯನ್ನು ಹಿಂದಿನಿಂದ ಎಳೆಯಲಿಲ್ಲ.

ಅವಳು ಗಾರ್ಮೆಂಟ್ಸ್‌ನಲ್ಲಿ ಮಾಡಿದ್ದು ಅದೊಂದೇ ಕೆಲಸ, ಬಾಟಂ ಹೆಮ್. ಲೈನಿನಲ್ಲಿ ಒಬ್ಬಳು ಭುಜ ಕೂಡಿಸಿದರೆ ಇನ್ನೊಬ್ಬಳು ತೋಳು ಕೂರಿಸುತ್ತಾಳೆ, ಮತ್ತೊಬ್ಬಳು ಕುತ್ತಿಗೆ ಪಟ್ಟಿ, ಕೊನೆಯವಳು ತುದಿ. ಗಂಟೆಗಿಷ್ಟು ಎಂಬ ಟಾರ್ಗೆಟ್ಟಿನಲ್ಲಿ ಅದೊಂದನ್ನೇ ಹೊಲಿದ ಕೈ ಅದರಲ್ಲಿ ಪಳಗಿಬಿಡುತ್ತದೆ. ತುಮಕೂರು ಜಿಲ್ಲೆಯಿಂದ ಹೀಗೆ ಬೆಂಗಳೂರಿಗೆ ಹೋಗಿ, ಮದುವೆಗೋ ಬಾಣಂತನಕ್ಕೋ ಅತ್ತೆಯ ಕಾಯಿಲೆಗೋ ಊರಿಗೆ ಮರಳಿದ ಹೆಣ್ಣುಮಕ್ಕಳು ಹಳ್ಳಿಹಳ್ಳಿಯಲ್ಲಿದ್ದಾರೆ. ಕೆಲಸ ಬಿಟ್ಟಾಗ ಕೈಗೆ ಬರುವ ಪಿಎಫ್ ದುಡ್ಡೇ ಎಷ್ಟೋ ಜನಕ್ಕೆ ಸ್ವಂತ ಮಿಷಿನ್ನಿನ ಬಂಡವಾಳ. 2016ರಲ್ಲಿ ಕೇಂದ್ರ ಸರ್ಕಾರ ಆ ಹಣದ ಒಂದು ಭಾಗವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಾಗ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಳಿಗೆ ಇಳಿದವರು ಇವರೇ. ಎರಡೇ ದಿನದಲ್ಲಿ ಸರ್ಕಾರ ಆದೇಶ ಹಿಂದಕ್ಕೆ ಪಡೆಯಿತು. ದೂರದ ಸುದ್ದಿಯಂತೆ ಅದನ್ನು ಓದಿದ ನಮಗೆ, ಊರಿನ ಹೊಲಿಗೆ ಮಿಷಿನ್ನುಗಳಿಗೂ ಆ ಹಣಕ್ಕೂ ಇರುವ ಸಂಬಂಧ ಗೊತ್ತಿರಬೇಕು.

ಊರಿಗೆ ಬಂದ ಮೇಲೆ ಇವರನ್ನು ಯಾರೂ ಟೈಲರ್ ಎನ್ನುವುದಿಲ್ಲ. ಬ್ಲೌಸ್ ಕಟಿಂಗ್ ಬರುವುದಿಲ್ಲವಲ್ಲ. ಬ್ಲೌಸ್ ಕಟಿಂಗ್ ಬರುವ ಟೈಲರಿಗೆ ಬನಿಯನ್ ಬಟ್ಟೆ ಬರುವುದಿಲ್ಲ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಬೇಕಾಗಿದೆ, ಇಬ್ಬರೂ ಒಂದೇ ಬೀದಿಯಲ್ಲಿ ಇದ್ದಾರೆ. ಈ ಎರಡು ಕೈಗಳು ಒಂದು ಅಂಗಡಿಯಲ್ಲಿ ಕೂಡಿದರೆ ಮಕ್ಕಳ ಯೂನಿಫಾರ್ಮು, ಕಬಡ್ಡಿ ತಂಡದ ಜೆರ್ಸಿ, ಮನೆಮನೆಯ ಲೆಗ್ಗಿಂಗ್ಸು ಎಲ್ಲದರ ರಿಪೇರಿಗೂ ಊರಲ್ಲೇ ದಾರಿಯಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅದಕ್ಕೆ ಫ್ಲ್ಯಾಟ್‌ಲಾಕ್ ಮಿಷಿನ್ ಬೇಕೇ ಬೇಕೆಂದೇನೂ ಇಲ್ಲ. ನಮ್ಮ ಪೇಟೆಗಳಲ್ಲಿ ‘ಸೀರೆಗೆ ಫಾಲ್ಸ್, ಜಿಗ್‌ಜಾಗ್ ಹಾಕಿಕೊಡಲಾಗುವುದು’ ಎಂಬ ಬೋರ್ಡಿಲ್ಲದ ಬೀದಿ ಕಡಿಮೆ. ಸೀರೆಯ ಅಂಚಿಗೆ ಜಿಗ್‌ಜಾಗ್ ಹಾಕುವ ಆ ಮಿಷಿನ್ನೇ ಬನಿಯನ್ ಬಟ್ಟೆಯನ್ನೂ ಹೊಲಿಯುತ್ತದೆ. ಸೀರೆಗೆ ಹೊಲಿಗೆಯನ್ನು ಅಗಲವಾಗಿ, ಒಂದರ ಪಕ್ಕ ಒಂದು ದಟ್ಟವಾಗಿ ಇಟ್ಟಿರುತ್ತಾರೆ. ಅದನ್ನು ಬದಲಿಸಿ ಅಗಲ ಒಂದರಿಂದ ಒಂದೂವರೆ ಮಿಲಿಮೀಟರಿಗೆ ಇಳಿಸಿ, ಉದ್ದವನ್ನು ಎರಡೂವರೆಗೆ ಏರಿಸಿದರೆ ದೂರದಿಂದ ನೇರ ಹೊಲಿಗೆಯಂತೆಯೇ ಕಾಣುವ, ಎಳೆದರೆ ಬರುವ ತುದಿ ಸಿದ್ಧ. ಸೂಜಿ ಬದಲಿಸುವುದೊಂದನ್ನು ಮರೆಯಬಾರದು. ಓವರ್‌ಲಾಕ್ ಇದ್ದರೆ ಅಂಚಿಗೆ ಮೊದಲು ಅದನ್ನು ಹೊಡೆದುಕೊಂಡರೆ ಮಡಿಕೆಗೆ ಒಂದಿಷ್ಟು ಮೈ ಬರುತ್ತದೆ.

ಜಿಗ್‌ಜಾಗ್ ಮಿಷಿನ್ನಿಗೆ ಜೋಡಿ ಸೂಜಿಯನ್ನೂ ಹಾಕಬಹುದು. ಒಂದೇ ಗೂಟಕ್ಕೆ ಎರಡು ಸೂಜಿ, ನಡುವೆ 4 ಮಿಲಿಮೀಟರ್ ಅಂತರ. ಮೇಲೆ ಎರಡು ಸಾಲು ಹೊಲಿಗೆ ಬೀಳುತ್ತದೆ, ಅಡಿಯಲ್ಲಿ ಬಾಬಿನ್ ದಾರ ಎರಡರ ನಡುವೆ ಅಂಕುಡೊಂಕಾಗಿ ಓಡಾಡುತ್ತದೆ. ಕಂಪನಿ ಬಟ್ಟೆಯ ತುದಿಯಂತೆಯೇ ಕಾಣುತ್ತದೆ. ಹಳೆಯ ಕಪ್ಪು ಮಿಷಿನ್ನಿಗೆ ಮಾತ್ರ ಇದನ್ನು ಹಾಕಲು ಹೋಗಬಾರದು. ಅಲ್ಲಿ ಸೂಜಿಗೆ ದಾರ ಪಕ್ಕದಿಂದ ಪೋಣಿಸುವುದರಿಂದ ಜೋಡಿ ಸೂಜಿ ಒಂದರ ಹಿಂದೆ ಒಂದಾಗಿ ನಿಲ್ಲುತ್ತದೆ, ತಟ್ಟೆಯ ತೂತೂ ಒಂದೇ ಸೂಜಿಯಷ್ಟಿರುತ್ತದೆ. ಮೊದಲ ಹೊಡೆತಕ್ಕೇ ಮುರಿಯುತ್ತದೆ. ಕಪ್ಪು ಮಿಷಿನ್ನಿನವರು ದೊಗಳೆ ತುದಿಗಳನ್ನು ನೇರ ಹೊಲಿಗೆಯಲ್ಲೇ ಎರಡು ಸಾಲು ಹಾಕಿ ಮುಗಿಸಬಹುದು. ಲೆಗ್ಗಿಂಗ್ಸನ್ನು ಪಕ್ಕದ ಜಿಗ್‌ಜಾಗಿನವರಿಗೆ ಕಳಿಸುವುದೇ ಸರಿ.

ಹೊಸ ಬಟ್ಟೆಯಾದರೆ ಒಮ್ಮೆ ಒಗೆದು ಒಣಗಿಸಿ ತರಲು ಗಿರಾಕಿಗೆ ಹೇಳಬೇಕು. ಹತ್ತಿಯ ಬನಿಯನ್ ಬಟ್ಟೆ ಮೊದಲ ನೀರಿಗೆ ನೂರಕ್ಕೆ 5ರಷ್ಟು ಕುಗ್ಗುವುದು ಮಾಮೂಲು, ಅದೂ ಉದ್ದದಲ್ಲೇ ಜಾಸ್ತಿ. ಕತ್ತರಿಸಿ ಹೊಲಿದ ಮೇಲೆ ಕುಗ್ಗಿದರೆ ಜಗಳ ಟೈಲರ್ ಅಂಗಡಿಗೆ ಬರುತ್ತದೆ.

ಸರ್ಕಾರದ ಯೋಜನೆಗಳಲ್ಲಿ ಹೊಲಿಗೆ ಮಿಷಿನ್ ಕೊಡುವುದು ಹೊಸದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿಯ ಜೊತೆಗೆ ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಗೃಹಲಕ್ಷ್ಮಿಯ ದುಡ್ಡು ಕೂಡಿಟ್ಟು ಮಿಷಿನ್ ಕೊಂಡ ಹೆಂಗಸರ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಆದರೆ ನಮ್ಮ ಕಡೆ ನಾನು ಕಂಡ ಹೊಲಿಗೆ ತರಗತಿಗಳಲ್ಲಿ ಕಲಿಸುವುದು ಲಂಗ, ಬ್ಲೌಸು, ಚೂಡಿದಾರ. ಊರಿನ ಅರ್ಧ ಜನ ದಿನಾ ತೊಡುವ ಬಟ್ಟೆಗೆ ಅಲ್ಲಿ ಒಂದು ಪಾಠವೂ ಇಲ್ಲ. ಎರಡು ದಿನದ ಪಾಠ ಸಾಕು, ಕಲಿಸಲು ಹೊರಗಿನಿಂದ ಯಾರನ್ನೂ ಕರೆಸಬೇಕಿಲ್ಲ. ಗಾರ್ಮೆಂಟ್ಸ್ ಬಿಟ್ಟು ಬಂದ ಹೆಣ್ಣುಮಗಳನ್ನು ಗೌರವಧನ ಕೊಟ್ಟು ಮೇಡಂ ಎಂದು ಕರೆದು ಕೂರಿಸಿದರೆ ಆಯಿತು. ಕೊಡುವ ಮಿಷಿನ್ನು ಬರೀ ನೇರ ಹೊಲಿಗೆಯದಾಗಿರದೆ ಜಿಗ್‌ಜಾಗೂ ಇರುವಂಥದ್ದಾಗಬೇಕು, ಕಿಟ್ಟಿನಲ್ಲಿ ಕತ್ತರಿ, ಟೇಪುಗಳ ಜೊತೆ 11ನೇ ನಂಬರಿನ ಬಾಲ್ ಪಾಯಿಂಟ್ ಸೂಜಿಯ ಒಂದು ಪೊಟ್ಟಣ ಇರಬೇಕು. ಅದಾಗುವವರೆಗೆ, ಬೆಂಗಳೂರಿಗೆ ರೈಲು ಹತ್ತುವವರ ಕೈಲಿ ಚಿಕ್ಕಪೇಟೆಯಿಂದ ತರಿಸಿಕೊಳ್ಳಿ. ತರಿಸುವಾಗ ಮಿಷಿನ್ನಿನಿಂದ ಬಿಚ್ಚಿದ ಹಳೆಯ ಸೂಜಿಯೊಂದನ್ನು ಜೊತೆಗೆ ಕಳಿಸಿ. ಮನೆಯ ಮಿಷಿನ್ನಿನ ಸೂಜಿಯ ಬುಡ ಒಂದು ಪಕ್ಕ ಚಪ್ಪಟೆ, ಪವರ್ ಮಿಷಿನ್ನಿನದು ಪೂರ್ತಿ ದುಂಡು. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.